ಕಥೆ ಅರ್ಧಕ್ಕೆ ನಿಂತಾಗ: ಒಟಿಟಿ ಸಂಸ್ಥೆಗಳ ವೆಚ್ಚಕಡಿತದ ಹಿಂದಿನ ಲೆಕ್ಕವೇನು?

ಪ್ರಶ್ನೆ: ಕಥಾಪ್ರಿಯ

ಎಲ್ಲರಿಗೂ ನಮಸ್ಕಾರ. ಬಹಳ ದಿನಗಳಿಂದ ಮನಸ್ಸಿನಲ್ಲಿ ಉಳಿದಿರುವ ಪ್ರಶ್ನೆಯೊಂದನ್ನು ಕೇಳುತ್ತಿದ್ದೇನೆ. ಸ್ಟ್ರೀಮಿಂಗ್ ಉದ್ಯಮದ ಹಣಕಾಸನ್ನು ಬಲ್ಲವರು ಸ್ವಲ್ಪ ವಿವರವಾಗಿಯೇ ಉತ್ತರಿಸಿದರೆ ಉಪಕಾರವಾಗುತ್ತದೆ.

2022ರ ನವೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ‘1899’ ಎಂಬ ಸರಣಿ ಬಂತು. ‘ಡಾರ್ಕ್’ ಸರಣಿಯನ್ನು ಮೂರು ಸೀಸನ್‌ಗಳಲ್ಲಿ ಅಚ್ಚುಕಟ್ಟಾಗಿ ಮುಗಿಸಿಕೊಟ್ಟಿದ್ದ ಜೋಡಿಯೇ ಇದನ್ನೂ ರೂಪಿಸಿತ್ತು. ಇದನ್ನೂ ಮೂರು ಸೀಸನ್‌ಗಳ ಕಥೆಯೆಂದೇ ಯೋಜಿಸಲಾಗಿತ್ತು. ಮೊದಲ ವಾರಗಳಲ್ಲಿ ಅದು ಅನೇಕ ದೇಶಗಳ ಮೊದಲ ಹತ್ತರ ಪಟ್ಟಿಯಲ್ಲಿತ್ತು. ಎಂಟು ಕಂತುಗಳನ್ನು ನೋಡಿ ಮುಗಿಸಿ, ಕೊನೆಯಲ್ಲಿ ಎದುರಾದ ದೊಡ್ಡ ಪ್ರಶ್ನೆಗೆ ಮುಂದಿನ ಸೀಸನ್‌ನಲ್ಲಿ ಉತ್ತರ ಸಿಗುತ್ತದೆಂದು ಕಾಯುತ್ತಿದ್ದೆ. ಎರಡು ತಿಂಗಳು ತುಂಬುವ ಮೊದಲೇ, 2023ರ ಜನವರಿಯ ಆರಂಭದಲ್ಲಿ, ಸರಣಿ ರದ್ದಾಯಿತು ಎಂಬ ಸುದ್ದಿ ಬಂತು. ಕಾದಂಬರಿಯೊಂದರ ಮೊದಲ ಭಾಗವನ್ನು ಮಾತ್ರ ಅಚ್ಚು ಹಾಕಿ ಉಳಿದುದನ್ನು ಬರೆಯಲೇ ಬೇಡಿ ಎಂದು ಲೇಖಕನಿಗೆ ಹೇಳಿದಂತೆ ನನಗೆ ತೋರಿತು.

ಇಷ್ಟೇ ಆಗಿದ್ದರೆ ವ್ಯಾಪಾರವೆಂದು ಸುಮ್ಮನಾಗಬಹುದಿತ್ತು. ಆದರೆ ಅದೇ ಕಾಲದಲ್ಲಿ, ಆಗಲೇ ತಯಾರಾಗಿ ಜನ ನೋಡುತ್ತಿದ್ದ ಸರಣಿಗಳನ್ನೂ ಸಂಸ್ಥೆಗಳು ತಮ್ಮ ವೇದಿಕೆಯಿಂದ ತೆಗೆದುಹಾಕಲು ತೊಡಗಿದವು. ‘ವೆಸ್ಟ್‌ವರ್ಲ್ಡ್’ ನಾಲ್ಕು ಸೀಸನ್‌ಗಳ ಬಳಿಕ 2022ರ ನವೆಂಬರ್‌ನಲ್ಲಿ ನಿಂತಿತು, ಮರು ತಿಂಗಳೇ ಎಚ್‌ಬಿಒ ಮ್ಯಾಕ್ಸ್‌ನಿಂದ ಕಾಣೆಯಾಯಿತು. ಡಿಸ್ನಿ ಪ್ಲಸ್‌ನಲ್ಲಿ ಬಂದಿದ್ದ ‘ವಿಲ್ಲೋ’ ಆರು ತಿಂಗಳೂ ಅಲ್ಲಿ ಉಳಿಯಲಿಲ್ಲ.

ನನ್ನ ಪ್ರಶ್ನೆ ಎರಡು ಭಾಗದ್ದು. ಸಾಕಷ್ಟು ಜನ ನೋಡಿದ ಸರಣಿಯನ್ನು ನಿಲ್ಲಿಸುವ ತೀರ್ಮಾನ ಯಾವ ಅಳತೆಯ ಮೇಲೆ ಆಗುತ್ತದೆ? ಹಾಗೆಯೇ, ತಯಾರಿಕೆಯ ಹಣವೆಲ್ಲ ಖರ್ಚಾಗಿ ಹೋಗಿರುವಾಗ, ಸರ್ವರ್‌ನಲ್ಲಿ ಸುಮ್ಮನೆ ಕುಳಿತಿರುವ ಸರಣಿಯನ್ನು ತೆಗೆಯುವುದರಿಂದ ಹಣ ಉಳಿಯುವುದಾದರೂ ಹೇಗೆ?

ಉತ್ತರ: ಲೆಕ್ಕಿಗ

ಕಥಾಪ್ರಿಯ ಅವರೇ, ನಾನು ವೃತ್ತಿಯಿಂದ ಲೆಕ್ಕಪರಿಶೋಧಕ. ಈ ಉದ್ಯಮದ ಕಂಪನಿಗಳ ವಾರ್ಷಿಕ ವರದಿಗಳನ್ನು ಆಸಕ್ತಿಯಿಂದ ಓದುತ್ತ ಬಂದಿದ್ದೇನೆ. ನೀವು ಕೇಳಿದ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿಯೇ ನೋಡಬೇಕು, ಏಕೆಂದರೆ ಸರಣಿಯನ್ನು ನಿಲ್ಲಿಸುವುದರ ಲೆಕ್ಕ ಬೇರೆ, ಇರುವ ಸರಣಿಯನ್ನು ತೆಗೆಯುವುದರ ಲೆಕ್ಕ ಬೇರೆ. ಪತ್ರಿಕೆಗಳು ಎರಡನ್ನೂ ‘ವೆಚ್ಚಕಡಿತ’ ಎಂಬ ಒಂದೇ ಪದದಲ್ಲಿ ಕಟ್ಟಿಬಿಡುವುದರಿಂದ ಗೊಂದಲವಾಗಿದೆ.

ಮೊದಲು ನಿಲ್ಲಿಸುವುದರ ಬಗ್ಗೆ. ಹಳೆಯ ಟಿವಿ ವಾಹಿನಿಗೆ ಆದಾಯ ಬರುತ್ತಿದ್ದುದು ಜಾಹೀರಾತಿನಿಂದ. ನೋಡುಗರು ಹೆಚ್ಚಿದಷ್ಟೂ ಆದಾಯ ಹೆಚ್ಚುತ್ತಿತ್ತು. ಅದರ ಜೊತೆಗೆ ಅಮೆರಿಕದಲ್ಲಿ ಸುಮಾರು ನೂರು ಕಂತುಗಳಾದ ಸರಣಿಯನ್ನು ಮರುಪ್ರಸಾರಕ್ಕೆ ಇತರ ವಾಹಿನಿಗಳಿಗೆ ಮಾರಬಹುದಿತ್ತು, ನಿಜವಾದ ಲಾಭವಿದ್ದುದು ಆ ಮಾರಾಟದಲ್ಲಿ. ಆದ್ದರಿಂದ ಮೂರನೆಯ ವರ್ಷದಲ್ಲಿ ಸ್ವಲ್ಪ ಬಳಲಿದ ಸರಣಿಯನ್ನೂ ಐದನೆಯ ವರ್ಷದವರೆಗೆ ಎಳೆದುಕೊಂಡು ಹೋಗಲು ನಿರ್ಮಾಪಕರಿಗೆ ಕಾರಣವಿತ್ತು. ಚಂದಾ ಹಣದಿಂದ ನಡೆಯುವ ಒಟಿಟಿಗೆ ಈ ಎರಡೂ ಇಲ್ಲ. ನೀವು ತಿಂಗಳಿಗೆ ಒಂದು ಸರಣಿ ನೋಡಿದರೂ ಹತ್ತು ನೋಡಿದರೂ ಕಟ್ಟುವ ಚಂದಾ ಒಂದೇ. ಹಾಗಾಗಿ ಸಂಸ್ಥೆ ಪ್ರತಿ ಸರಣಿಯ ಬಗ್ಗೆ ಕೇಳಿಕೊಳ್ಳುವುದು ಇಷ್ಟನ್ನೇ: ಇದು ಹೊಸ ಚಂದಾದಾರರನ್ನು ಕರೆತರುತ್ತದೆಯೇ, ಇರುವವರು ಬಿಟ್ಟುಹೋಗದಂತೆ ಹಿಡಿದಿಡುತ್ತದೆಯೇ, ಇವೆರಡಕ್ಕೆ ನಾವು ತೆರುತ್ತಿರುವ ಬೆಲೆ ಹೆಚ್ಚಾಯಿತೇ?

ಈ ಅಳತೆಯಲ್ಲಿ ಎರಡನೆಯ, ಮೂರನೆಯ ಸೀಸನ್‌ಗಳು ಹುಟ್ಟುವಾಗಲೇ ಹಿಂದೆ ಬಿದ್ದಿರುತ್ತವೆ. ಮೊದಲ ಸೀಸನ್ ನೋಡದವನು ಮೂರನೆಯದಕ್ಕಾಗಿ ಚಂದಾ ಕಟ್ಟುವುದು ಅಪರೂಪ. ಅದೇ ಹೊತ್ತಿಗೆ ಖರ್ಚು ಮಾತ್ರ ಸೀಸನ್‌ನಿಂದ ಸೀಸನ್‌ಗೆ ಏರುತ್ತದೆ. ನೆಟ್‌ಫ್ಲಿಕ್ಸ್ ರೂಢಿಗೆ ತಂದ ಒಪ್ಪಂದದಲ್ಲಿ ತಯಾರಿಕೆಯ ಪೂರ್ತಿ ವೆಚ್ಚವನ್ನೂ ಅದರ ಮೇಲೊಂದು ಪಾಲನ್ನೂ ಮೊದಲೇ ಕೊಟ್ಟುಬಿಡುತ್ತಾರೆ. ಸರಣಿ ಮುಂದುವರಿದಂತೆ ತಯಾರಕರಿಗೆ ಸಲ್ಲಬೇಕಾದ ಹೆಚ್ಚುವರಿ ಮೊತ್ತವೂ ನಟರ ಸಂಭಾವನೆಯೂ ಬೆಳೆಯುತ್ತವೆ. ನೋಡುಗರು ಕರಗುತ್ತಿರುವಾಗ ಖರ್ಚು ಏರುವ ಈ ಎರಡು ಗೆರೆಗಳು ಒಂದನ್ನೊಂದು ದಾಟುವ ಜಾಗ ಸಾಮಾನ್ಯವಾಗಿ ಎರಡನೆಯ ಅಥವಾ ಮೂರನೆಯ ಸೀಸನ್ನಿನ ಆಸುಪಾಸಿನಲ್ಲೇ ಬರುತ್ತದೆ. ಇನ್ನು ಮೊದಲ ಹತ್ತರ ಪಟ್ಟಿಯು ಎಷ್ಟು ಗಂಟೆ ನೋಡಲಾಯಿತು ಎಂಬುದನ್ನು ಹೇಳುತ್ತದೆಯೇ ಹೊರತು ನೋಡಲು ಕುಳಿತವರಲ್ಲಿ ಕೊನೆಯ ಕಂತಿನವರೆಗೆ ಎಷ್ಟು ಮಂದಿ ಉಳಿದರು ಎಂಬುದನ್ನು ಹೇಳುವುದಿಲ್ಲ. ಸಂಸ್ಥೆಯೊಳಗೆ ಹೆಚ್ಚು ತೂಕವಿರುವುದು ಎರಡನೆಯ ಸಂಖ್ಯೆಗೆ, ಏಕೆಂದರೆ ಪೂರ್ತಿ ನೋಡಿದವನು ಮಾತ್ರ ಮುಂದಿನ ಸೀಸನ್‌ಗೆ ಬರುವ ಭರವಸೆಯಿದೆ.

ಇದೆಲ್ಲ ಮೊದಲೂ ಇತ್ತಲ್ಲವೇ, 2022ರಲ್ಲಿ ಏನು ಬದಲಾಯಿತು ಎಂದು ಕೇಳಬಹುದು. ಅಲ್ಲಿಯವರೆಗೆ ಷೇರು ಮಾರುಕಟ್ಟೆ ಈ ಕಂಪನಿಗಳಲ್ಲಿ ಎಣಿಸುತ್ತಿದ್ದುದು ಚಂದಾದಾರರ ತಲೆಗಳನ್ನು. ಸಾಲ ಅಗ್ಗವಾಗಿತ್ತು, ನಷ್ಟವನ್ನು ಬೆಳವಣಿಗೆಯ ಖರ್ಚೆಂದು ಎಲ್ಲರೂ ಒಪ್ಪಿಕೊಂಡಿದ್ದರು. 2022ರ ಏಪ್ರಿಲ್‌ನಲ್ಲಿ ನೆಟ್‌ಫ್ಲಿಕ್ಸ್ ಹತ್ತು ವರ್ಷಗಳಿಗೂ ಹೆಚ್ಚಿನ ಅವಧಿಯಲ್ಲಿ ಮೊದಲ ಸಲ ತನ್ನ ಚಂದಾದಾರರು ಸುಮಾರು 2 ಲಕ್ಷದಷ್ಟು ಕಡಿಮೆಯಾದರೆಂದು ಪ್ರಕಟಿಸಿತು. ಮರುದಿನ ಅದರ ಷೇರಿನ ಬೆಲೆ ಶೇ 35ರಷ್ಟು ಕುಸಿಯಿತು. ಅದೇ ವರ್ಷದ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಅದು ಸುಮಾರು 450 ನೌಕರರನ್ನು ಕೆಲಸದಿಂದ ತೆಗೆಯಿತು. ಅಮೆರಿಕದ ಫೆಡರಲ್ ರಿಸರ್ವ್ ಶೂನ್ಯದ ಸಮೀಪದಲ್ಲಿದ್ದ ಬಡ್ಡಿದರವನ್ನು 2022ರ ಮಾರ್ಚ್‌ನಿಂದ ಏರಿಸುತ್ತ ಬಂದು 2023ರ ಜುಲೈ ಹೊತ್ತಿಗೆ ಶೇ 5ನ್ನು ದಾಟಿಸಿತು. ಡಿಸ್ನಿಯ ಸ್ಟ್ರೀಮಿಂಗ್ ವಿಭಾಗವು 2022ರ ಸೆಪ್ಟೆಂಬರ್‌ಗೆ ಕೊನೆಗೊಂಡ ಮೂರೇ ತಿಂಗಳಲ್ಲಿ ಸುಮಾರು 150 ಕೋಟಿ ಡಾಲರ್ ನಷ್ಟ ತೋರಿಸಿತು. ವಾರ್ನರ್ ಮೀಡಿಯಾ ಮತ್ತು ಡಿಸ್ಕವರಿ 2022ರ ಏಪ್ರಿಲ್‌ನಲ್ಲಿ ಒಂದಾಗಿ ವಾರ್ನರ್ ಬ್ರದರ್ಸ್ ಡಿಸ್ಕವರಿ ಆದಾಗ ಆ ಹೊಸ ಕಂಪನಿಯ ತಲೆಯ ಮೇಲೆ 5,000 ಕೋಟಿ ಡಾಲರ್‌ಗೂ ಮಿಕ್ಕ ಸಾಲವಿತ್ತು. ಹೂಡಿಕೆದಾರರು ಒಮ್ಮೆಗೇ ಲಾಭ ಎಲ್ಲಿ ಎಂದು ಕೇಳತೊಡಗಿದರು. 2023ರ ಫೆಬ್ರವರಿಯಲ್ಲಿ ಡಿಸ್ನಿಯ ಮುಖ್ಯಸ್ಥ ಬಾಬ್ ಐಗರ್ 550 ಕೋಟಿ ಡಾಲರ್ ವೆಚ್ಚಕಡಿತವನ್ನೂ 7,000 ಉದ್ಯೋಗಗಳ ಕಡಿತವನ್ನೂ ಘೋಷಿಸಿದ್ದು ಈ ಒತ್ತಡದಲ್ಲೇ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಸರಣಿಗೆ ಖರ್ಚು ಮಾಡಿದ ಹಣವನ್ನು ಆ ವರ್ಷವೇ ಪೂರ್ತಿ ಖರ್ಚೆಂದು ಬರೆಯುವುದಿಲ್ಲ. ಅದನ್ನು ಮೊದಲು ಆಸ್ತಿಯೆಂದು ಬರೆದು, ಜನ ನೋಡುವ ಕೆಲವು ವರ್ಷಗಳ ಮೇಲೆ ಹಂಚಿ, ಯಂತ್ರದ ಸವಕಳಿಯನ್ನು ಬರೆಯುವಂತೆಯೇ ವರ್ಷವರ್ಷವೂ ಒಂದಿಷ್ಟನ್ನು ಖರ್ಚಿಗೆ ತರುತ್ತಾರೆ. ಅಂದರೆ ನಿನ್ನೆ ಮಾಡಿದ ಸರಣಿಯ ವೆಚ್ಚ ನಾಳೆಯ, ನಾಡಿದ್ದಿನ ಲಾಭವನ್ನು ತಿನ್ನುತ್ತಲೇ ಇರುತ್ತದೆ. ಸರಣಿಯನ್ನು ವೇದಿಕೆಯಿಂದ ತೆಗೆದು ಇದರಿಂದ ಇನ್ನು ಆದಾಯವಿಲ್ಲ ಎಂದು ಸಾರಿದರೆ, ಉಳಿದ ಮೊತ್ತವನ್ನೆಲ್ಲ ಒಂದೇ ಸಲ ನಷ್ಟಕ್ಕೆ ಬರೆಯಬಹುದು. ಆ ತ್ರೈಮಾಸಿಕ ಕೆಟ್ಟದಾಗಿ ಕಾಣುತ್ತದೆ, ಮುಂದಿನವು ಹಗುರವಾಗುತ್ತವೆ, ತೆರಿಗೆಗೆ ಒಳಪಡುವ ಲಾಭವೂ ಇಳಿಯಬಹುದು. ಡಿಸ್ನಿ 2023ರಲ್ಲಿ ತನ್ನ ವೇದಿಕೆಗಳಿಂದ ಹತ್ತಾರು ಶೀರ್ಷಿಕೆಗಳನ್ನು ತೆಗೆದು ಸುಮಾರು 150 ಕೋಟಿ ಡಾಲರ್‌ಗಳನ್ನು ಹೀಗೆ ಬರೆದುಹಾಕಿತು. ವಾರ್ನರ್ ಬ್ರದರ್ಸ್ ಡಿಸ್ಕವರಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸುಮಾರು 9 ಕೋಟಿ ಡಾಲರ್ ವೆಚ್ಚದಲ್ಲಿ ಚಿತ್ರೀಕರಣ ಮುಗಿಸಿದ್ದ ‘ಬ್ಯಾಟ್‌ಗರ್ಲ್’ ಚಿತ್ರವನ್ನು 2022ರ ಆಗಸ್ಟ್‌ನಲ್ಲಿ ಬಿಡುಗಡೆಯನ್ನೇ ಮಾಡದೆ ಮುಚ್ಚಿಟ್ಟಿತು.

ಖರ್ಚಾದ ಹಣ ಇದರಿಂದ ಹಿಂದಿರುಗುವುದಿಲ್ಲ. ಅದನ್ನು ಯಾವ ತಿಂಗಳ ಪುಟದಲ್ಲಿ ಬರೆಯಬೇಕು ಎಂಬುದಷ್ಟೇ ಬದಲಾಗುತ್ತದೆ. ನಿಜವಾಗಿ ಉಳಿಯುವ ನಗದು ಎರಡು ಕಡೆ ಮಾತ್ರ: ಉಳಿಯಬಹುದಾದ ತೆರಿಗೆ, ಮತ್ತು ಸರಣಿ ವೇದಿಕೆಯಲ್ಲಿ ಇರುವಷ್ಟು ಕಾಲ ಬರಹಗಾರರಿಗೂ ನಟರಿಗೂ ಕೊಡುತ್ತಲೇ ಇರಬೇಕಾದ ಮರುಪ್ರದರ್ಶನದ ಗೌರವಧನ. ಇದಲ್ಲದೆ ತೆಗೆದ ಸರಣಿಯನ್ನು ಬೇರೆಯವರಿಗೆ ಬಾಡಿಗೆಗೆ ಕೊಡುವ ದಾರಿಯೂ ಇದೆ. ‘ವೆಸ್ಟ್‌ವರ್ಲ್ಡ್’ ಆಮೇಲೆ ಜಾಹೀರಾತು ಸಹಿತ ಉಚಿತ ವೇದಿಕೆಗಳಿಗೆ ಹೋದದ್ದು ಹೀಗೆ.

ಉತ್ತರ: ನಿಧಾನ ನೋಡುಗ

ಲೆಕ್ಕಿಗ ಅವರ ವಿವರಣೆಗೆ ಕೃತಜ್ಞ. ಆದರೆ ‘ಪೂರ್ತಿ ನೋಡಿದವರ ಸಂಖ್ಯೆ’ ಎಂಬ ಅಳತೆಯನ್ನು ಅವರು ಸ್ವಲ್ಪ ಸುಲಭವಾಗಿ ಒಪ್ಪಿಕೊಂಡರು ಎಂದು ನನಗನ್ನಿಸುತ್ತದೆ.

ನಾನು ಒಂದು ಕಂತು ನೋಡಿ ಎರಡು ದಿನ ಅದರ ಬಗ್ಗೆ ಯೋಚಿಸುವವನು. ನಿಧಾನವಾಗಿ ಬಿಚ್ಚಿಕೊಳ್ಳುವ ಕಥೆಗಳೇ ನನಗೆ ಇಷ್ಟ. ಮೊದಲ ಕೆಲವು ವಾರಗಳ ಲೆಕ್ಕದಲ್ಲಿ ನನ್ನಂಥವನು ಅರ್ಧಕ್ಕೆ ಬಿಟ್ಟವನ ಜೊತೆಗೇ ಎಣಿಕೆಯಾಗುತ್ತಾನೆ, ವಾಸ್ತವದಲ್ಲಿ ಆ ಸರಣಿಯನ್ನು ಎಲ್ಲರಿಗಿಂತ ಗಾಢವಾಗಿ ನೋಡುತ್ತಿರುವವನು ಅವನೇ ಆಗಿದ್ದರೂ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸರಣಿಗಳು ಅರ್ಧಕ್ಕೆ ನಿಲ್ಲುತ್ತವೆಂದು ಒಮ್ಮೆ ಪೆಟ್ಟು ತಿಂದ ನೋಡುಗ, ಮುಂದಿನ ಸಲ ‘ಪೂರ್ತಿಯಾಗಲಿ, ಆಮೇಲೆ ನೋಡೋಣ’ ಎಂದು ಕಾಯುತ್ತಾನೆ. ಅವನು ಕಾದದ್ದರಿಂದ ಮೊದಲ ತಿಂಗಳ ಸಂಖ್ಯೆ ಇಳಿಯುತ್ತದೆ, ಸಂಖ್ಯೆ ಇಳಿದದ್ದರಿಂದ ಸರಣಿ ನಿಲ್ಲುತ್ತದೆ, ನಿಂತದ್ದರಿಂದ ಅವನ ಅಪನಂಬಿಕೆ ಗಟ್ಟಿಯಾಗುತ್ತದೆ. ನನ್ನ ಸ್ನೇಹಿತರ ಬಳಗದಲ್ಲಿ ಈಗ ಹೊಸ ಸರಣಿಯ ಮಾತು ಬಂದರೆ ಮೊದಲು ಕೇಳುವುದೇ ‘ಮುಗಿದಿದೆಯೋ?’ ಎಂದು.

ತಡವಾಗಿ ಬರುವ ನೋಡುಗರ ಬೆಲೆಗೆ ‘ಮ್ಯಾನಿಫೆಸ್ಟ್’ ಉದಾಹರಣೆಯಾಗಿದೆ. ಎನ್‌ಬಿಸಿ ವಾಹಿನಿ ಅದನ್ನು ಮೂರು ಸೀಸನ್‌ಗಳ ಬಳಿಕ 2021ರ ಜೂನ್‌ನಲ್ಲಿ ಕೈಬಿಟ್ಟಿತು. ಅದೇ ದಿನಗಳಲ್ಲಿ ಹಳೆಯ ಸೀಸನ್‌ಗಳು ನೆಟ್‌ಫ್ಲಿಕ್ಸ್‌ಗೆ ಬಂದು ವಾರಗಟ್ಟಲೆ ಪಟ್ಟಿಯ ಮೇಲ್ತುದಿಯಲ್ಲಿ ನಿಂತವು. ಆಗಸ್ಟ್‌ನಲ್ಲಿ ನೆಟ್‌ಫ್ಲಿಕ್ಸ್ ತಾನೇ 20 ಕಂತುಗಳ ಕೊನೆಯ ಸೀಸನ್ ಮಾಡಿಸಲು ಒಪ್ಪಿತು. ಸರಣಿಯೊಂದು ತನ್ನ ಜನರನ್ನು ಹುಡುಕಿಕೊಳ್ಳಲು ಮೂರು ವರ್ಷ ಹಿಡಿಯಬಹುದೆಂಬುದನ್ನು ಅವರೇ ಕಣ್ಣಾರೆ ಕಂಡಿದ್ದಾರೆ. ಹಾಗಿದ್ದೂ ಸ್ವಂತ ಸರಣಿಗಳಿಗೆ ಆರೇಳು ವಾರ ಕೊಟ್ಟು ತೀರ್ಪು ಬರೆಯುವುದು ನನಗೆ ಅರ್ಥವಾಗುವುದಿಲ್ಲ.

ಯಶಸ್ವಿಯಾದ ಯಾವ ಸರಣಿಯನ್ನೂ ತಾವು ರದ್ದು ಮಾಡಿಲ್ಲ, ರದ್ದಾದವು ಸಣ್ಣ ಪ್ರೇಕ್ಷಕ ವರ್ಗಕ್ಕೆ ದೊಡ್ಡ ಖರ್ಚಿನಲ್ಲಿ ಮಾಡಿದವು ಎಂಬ ಅರ್ಥದ ಮಾತನ್ನು ನೆಟ್‌ಫ್ಲಿಕ್ಸ್‌ನ ಮುಖ್ಯಸ್ಥರಲ್ಲೊಬ್ಬರಾದ ಟೆಡ್ ಸರಾಂಡೋಸ್ 2023ರ ಆರಂಭದಲ್ಲಿ ಆಡಿದ್ದರು. ಯಶಸ್ಸು ಎಂದರೇನು ಎಂಬುದನ್ನು ಹೇಳುವ ಅಧಿಕಾರವೂ ಅಳೆಯುವ ಕೋಲೂ ಒಬ್ಬರ ಕೈಯಲ್ಲೇ ಇರುವಾಗ ಈ ಮಾತನ್ನು ಹೊರಗಿನವರು ಪರೀಕ್ಷಿಸುವುದಾದರೂ ಹೇಗೆ? ಆ ವರ್ಷದ ಡಿಸೆಂಬರ್‌ನಲ್ಲಿ ಅವರು 18,000ಕ್ಕೂ ಹೆಚ್ಚು ಶೀರ್ಷಿಕೆಗಳನ್ನು ಎಷ್ಟೆಷ್ಟು ಗಂಟೆ ನೋಡಲಾಯಿತೆಂಬ ವರದಿಯನ್ನು ಮೊದಲ ಬಾರಿಗೆ ಹೊರತಂದರು. ಅದು ಒಳ್ಳೆಯ ಕೆಲಸವೇ. ಆದರೆ ತೀರ್ಮಾನಕ್ಕೆ ಆಧಾರವಾದ, ಕೊನೆಯವರೆಗೆ ಉಳಿದವರ ಸಂಖ್ಯೆ ಅದರಲ್ಲಿರಲಿಲ್ಲ.

ಉತ್ತರ: ಅಡಿಸಾಲು

ನಾನು ಸರಣಿಗಳಿಗೆ ಸಬ್‌ಟೈಟಲ್ ಬರೆಯುವ ಕೆಲಸ ಮಾಡುತ್ತೇನೆ. ಮೇಲಿನ ಚರ್ಚೆಯಲ್ಲಿ ನೋಡುಗರಿದ್ದಾರೆ, ಹೂಡಿಕೆದಾರರಿದ್ದಾರೆ. ದುಡಿದವರ ಮಾತು ಒಂದೇ ವಾಕ್ಯದಲ್ಲಿ ಬಂದು ಹೋಯಿತು. ಆದ್ದರಿಂದ ಇಷ್ಟು ಬರೆಯುತ್ತಿದ್ದೇನೆ.

ನಾನು ನಾಲ್ಕು ತಿಂಗಳು ಕುಳಿತು ಅಡಿಸಾಲು ಬರೆದ ಸರಣಿಯೊಂದು ವೇದಿಕೆಗೆ ಬಂದ ವರ್ಷದೊಳಗೇ ಅಲ್ಲಿಂದ ಮಾಯವಾಯಿತು. ನನಗೆ ಸಲ್ಲಬೇಕಾದ ಹಣ ಪೂರ್ತಿ ಸಂದಿತ್ತು, ಆ ವಿಷಯದಲ್ಲಿ ದೂರಿಲ್ಲ. ಆದರೆ ಮುಂದಿನ ಕೆಲಸ ಕೇಳಲು ಹೋದಾಗ ‘ಇದು ನಾನು ಮಾಡಿದ್ದು, ನೋಡಿ’ ಎಂದು ತೋರಿಸಲು ಏನೂ ಉಳಿದಿರಲಿಲ್ಲ. ಆ ಸರಣಿಯ ಸಂಕಲನಕಾರರಿಗೂ ಬಣ್ಣ ತಿದ್ದಿದವರಿಗೂ ಅದೇ ಗತಿ. ಚಿತ್ರಮಂದಿರಕ್ಕೆ ಬಂದ ಸಿನಿಮಾ ಸೋತರೂ ಅದರ ಪ್ರತಿ ಎಲ್ಲೋ ಒಂದು ಕಡೆ ಇರುತ್ತದೆ. ಡಿಸ್ಕ್ ಕೂಡ ಬಾರದ ಒಟಿಟಿ ಸರಣಿಗೆ ಆ ಒಂದು ವೇದಿಕೆಯೇ ಮನೆ. ಅಲ್ಲಿಂದ ಹೊರಬಿದ್ದರೆ ಸಾಮಾನ್ಯ ನೋಡುಗನ ಪಾಲಿಗೆ ಅದು ಇಲ್ಲವೇ ಇಲ್ಲ. ಡಿಸ್ನಿ ಪ್ಲಸ್‌ನಲ್ಲಿ 2023ರ ಮೇ ತಿಂಗಳಲ್ಲಿ ಬಂದ ‘ಕ್ರೇಟರ್’ ಎಂಬ ಚಿತ್ರವನ್ನು ಏಳೇ ವಾರದಲ್ಲಿ ತೆಗೆದರು. ಚಂದಮಾಮನ ಮೇಲೆ ಓಡಾಡುವ ಮಕ್ಕಳ ಕಥೆ ಅದು; ಶಾಲೆಯ ಪರೀಕ್ಷೆ ಮುಗಿಯಲಿ, ಆಮೇಲೆ ನೋಡು ಎಂದು ಹೇಳಿಸಿಕೊಂಡ ಮಗುವಿಗೆ ಅದು ಸಿಕ್ಕಿರಲಾರದು.

ಅಮೆರಿಕದ ಬರಹಗಾರರ ಸಂಘ 2023ರ ಮೇ 2ರಿಂದ 148 ದಿನ ಮುಷ್ಕರ ಹೂಡಿದ್ದಕ್ಕೂ ಇದಕ್ಕೂ ಸಂಬಂಧವಿದೆ. ಹಳೆಯ ಟಿವಿಯಲ್ಲಿ ಮರುಪ್ರಸಾರವಾದಾಗಲೆಲ್ಲ ಬರುತ್ತಿದ್ದ ಗೌರವಧನವು ಕೆಲಸವಿಲ್ಲದ ತಿಂಗಳುಗಳಲ್ಲಿ ಬರಹಗಾರರ ಮನೆ ನಡೆಸುತ್ತಿತ್ತು. ಒಟಿಟಿಯಲ್ಲಿ ಸರಣಿ ಎಷ್ಟೇ ಗೆದ್ದರೂ ಆ ಮೊತ್ತ ನಿಗದಿತವಾಗಿತ್ತು, ಎಷ್ಟು ಜನ ನೋಡಿದರೆಂಬುದು ಬರೆದವರಿಗೇ ಗೊತ್ತಾಗುತ್ತಿರಲಿಲ್ಲ. ಮುಷ್ಕರದ ಬಳಿಕ ಆದ ಒಪ್ಪಂದದ ಪ್ರಕಾರ, ಮೊದಲ 90 ದಿನಗಳಲ್ಲಿ ದೇಶದೊಳಗಿನ ಚಂದಾದಾರರ ಶೇ 20ರಷ್ಟು ಮಂದಿ ನೋಡಿದ ಕೃತಿಗೆ ಹೆಚ್ಚುವರಿ ಮೊತ್ತ ಸಲ್ಲುತ್ತದೆ, ನೋಡಿದ ಗಂಟೆಗಳ ಲೆಕ್ಕವನ್ನು ಗೋಪ್ಯತೆಯ ಷರತ್ತಿನೊಡನೆ ಸಂಘಕ್ಕೆ ಕೊಡಬೇಕಾಗುತ್ತದೆ. ಆದರೆ ವೇದಿಕೆಯಿಂದ ತೆಗೆದ ಕೃತಿಯನ್ನು ಇದು ಮರಳಿ ತರುವುದಿಲ್ಲ. ಲೆಕ್ಕಿಗ ಅವರು ಗೌರವಧನವನ್ನು ಉಳಿತಾಯದ ಸಾಲಿನಲ್ಲಿ ಬರೆದರು, ಅದು ನಿಜ. ಆದರೆ ಆ ಉಳಿತಾಯ ಯಾರದೋ ತಿಂಗಳ ಮನೆಬಾಡಿಗೆಯಾಗಿತ್ತು ಎಂಬುದೂ ಅದೇ ಸಾಲಿನಲ್ಲಿ ಸೇರಬೇಕು.

ಮರುಪ್ರಶ್ನೆ: ಕಥಾಪ್ರಿಯ

ಮೂವರಿಗೂ ಮನಃಪೂರ್ವಕ ಧನ್ಯವಾದ. ನನ್ನ ಬೇಸರ ಕಡಿಮೆಯಾಗಿಲ್ಲ, ಆದರೆ ಅದಕ್ಕೊಂದು ಆಕಾರ ಬಂದಿದೆ. ಅಡಿಸಾಲು ಅವರ ಮಾತು ಓದಿದ ಮೇಲೆ, ನೋಡುಗನಾಗಿ ನಾನು ಕಳೆದುಕೊಂಡದ್ದು ಇದರಲ್ಲಿ ಚಿಕ್ಕ ಪಾಲು ಎಂದು ತಿಳಿಯಿತು.

ಒಂದು ಮಾತು ಉಳಿಯಿತು. ಖರ್ಚು ಇಳಿಸಲೇಬೇಕಾದ ಸಂಸ್ಥೆ ಕಥೆಯನ್ನು ಕತ್ತರಿಸದೆ ಮುಗಿಸುವ ದಾರಿ ಯಾವುದಾದರೂ ಇದೆಯೇ?

ಉತ್ತರ: ಲೆಕ್ಕಿಗ

ಮೊದಲಿಗೆ, ಅಡಿಸಾಲು ಅವರು ತಿದ್ದಿದ್ದನ್ನು ಒಪ್ಪುತ್ತೇನೆ. ನಿಧಾನ ನೋಡುಗ ಅವರ ಆಕ್ಷೇಪವೂ ಸರಿಯಾದದ್ದೇ. ಅಳತೆಯ ಕಾರಣವನ್ನು ವಿವರಿಸುವ ಭರದಲ್ಲಿ ಅದರ ದೋಷವನ್ನು ನಾನು ಹೇಳಲಿಲ್ಲ.

ದಾರಿ ಇದೆ, ಕೆಲವೊಮ್ಮೆ ಅದನ್ನು ಹಿಡಿದೂ ಇದ್ದಾರೆ. ನೆಟ್‌ಫ್ಲಿಕ್ಸ್ 2017ರ ಜೂನ್‌ನಲ್ಲಿ ‘ಸೆನ್ಸ್8’ ಸರಣಿಯನ್ನು ಎರಡು ಸೀಸನ್‌ಗಳಿಗೆ ನಿಲ್ಲಿಸಿತು. ಅಭಿಮಾನಿಗಳ ಒತ್ತಾಯ ಎಷ್ಟಿತ್ತೆಂದರೆ ಮರುವರ್ಷ ಎರಡೂವರೆ ಗಂಟೆಯ ಒಂದೇ ಸಮಾಪ್ತಿ ಕಂತನ್ನು ಮಾಡಿ ಕಥೆಯನ್ನು ದಡ ಸೇರಿಸಿದರು. ಪೂರ್ತಿ ಸೀಸನ್‌ಗೆ ಬೇಕಾಗುವ ಹಣದ ಸಣ್ಣ ಪಾಲಿನಲ್ಲಿ ಇದು ಆಗುತ್ತದೆ, ಆ ಕೃತಿಯನ್ನು ಹೊಸಬರು ಧೈರ್ಯವಾಗಿ ತೆರೆಯುತ್ತಾರೆ. ಮೂರನೆಯ ಸೀಸನ್ ಕೊಡಲಾಗದಿದ್ದರೆ ಎರಡನೆಯದೇ ಕೊನೆಯದೆಂದು ಬರಹಗಾರರಿಗೆ ಬರೆಯುವ ಮೊದಲೇ ತಿಳಿಸುವುದು ಇನ್ನೂ ಅಗ್ಗದ ಉಪಾಯ. ನನ್ನ ದೃಷ್ಟಿಯಲ್ಲಿ ಇದು ಒಪ್ಪಂದದಲ್ಲೇ ಇರಬೇಕಾದ ಷರತ್ತು.

ತಮಗೆ ಬೇಡವಾದದ್ದನ್ನು ಬೇಕಾದವರಿಗೆ ಕೊಡುವುದು ಎರಡನೆಯ ದಾರಿ. ಪ್ಯಾರಾಮೌಂಟ್ ಪ್ಲಸ್ 2023ರ ಜೂನ್‌ನಲ್ಲಿ ‘ಸ್ಟಾರ್ ಟ್ರೆಕ್: ಪ್ರಾಡಿಜಿ’ಯನ್ನು ರದ್ದು ಮಾಡಿ ವೇದಿಕೆಯಿಂದಲೂ ತೆಗೆದಾಗ ಎರಡನೆಯ ಸೀಸನ್ನಿನ ಕೆಲಸ ನಡೆದೇ ಇತ್ತು. ನೆಟ್‌ಫ್ಲಿಕ್ಸ್ ಅದನ್ನು ಪಡೆದುಕೊಂಡು 2024ರ ಜುಲೈನಲ್ಲಿ ಆ ಸೀಸನ್ನನ್ನು ತೋರಿಸಿತು. ವಾರ್ನರ್ ಬ್ರದರ್ಸ್ 2023ರ ನವೆಂಬರ್‌ನಲ್ಲಿ ಬಿಡುಗಡೆ ಮಾಡುವುದಿಲ್ಲವೆಂದು ಬದಿಗಿಟ್ಟ ‘ಕಯೋಟಿ ವರ್ಸಸ್ ಆಕ್ಮಿ’ ಚಿತ್ರ ತಯಾರಾಗಲು ಸುಮಾರು 7 ಕೋಟಿ ಡಾಲರ್ ಹಿಡಿದಿತ್ತು. ಚಿತ್ರರಂಗದವರು ಬಹಿರಂಗವಾಗಿ ಪ್ರತಿಭಟಿಸಿದ ಮೇಲೆ ಅದನ್ನು ಬೇರೆಯವರಿಗೆ ತೋರಿಸಲು ಒಪ್ಪಿದರು, 2025ರಲ್ಲಿ ಕೆಚಮ್ ಎಂಟರ್‌ಟೈನ್‌ಮೆಂಟ್ ಎಂಬ ವಿತರಣಾ ಸಂಸ್ಥೆ ಅದನ್ನು ಕೊಂಡಿತು. ನಷ್ಟಕ್ಕೆ ಬರೆಯಲು ಹೊರಟಿದ್ದ ಕೃತಿಗೆ ಹೊರಗೆ ಬೆಲೆಯಿತ್ತು. ‘1899’ಕ್ಕೆ ಮಾತ್ರ ಈ ದಾರಿ ತೆರೆಯಲಿಲ್ಲ, ಏಕೆಂದರೆ ಅಲ್ಲಿ ಮಾರಲು ಸಿದ್ಧವಾದ ಎರಡನೆಯ ಸೀಸನ್ ಇರಲಿಲ್ಲ, ಇದ್ದದ್ದು ಬರೆದವರ ತಲೆಯಲ್ಲಿದ್ದ ಕಥೆ ಮಾತ್ರ.